ಉಪ್ಪು ಬೇಡದ ಪಲ್ಯ

ವೆಲ್ಸ್-ನೆಕ್ಸ್ಟ್-ದ-ಸೀ, ನಾರ್ಫೋಕ್
ಜುಲೈ

ಪ್ರೀತಿಯ ಅಕ್ಕ,

ಸೊಪ್ಪಿನ ಸುದ್ದಿಯನ್ನು ನಿನಗಲ್ಲದೆ ಇನ್ಯಾರಿಗೆ ಬರೆಯಲಿ? ಇಂಗ್ಲೆಂಡಿನ ಈ ಕರಾವಳಿಯಲ್ಲಿ ಸಮುದ್ರಕ್ಕೂ ಊರಿಗೂ ನಡುವೆ ಉದ್ದಕ್ಕೂ ಉಪ್ಪುನೀರಿನ ಜೌಗು. ನಮ್ಮ ಅಘನಾಶಿನಿ ಹೊಳೆದಡದ ಗಜನಿ ಗದ್ದೆಯ ಹಾಗೆ ಉಬ್ಬರಕ್ಕೆ ನೀರು, ಇಳಿತಕ್ಕೆ ಕೆಸರು. ಆ ಕೆಸರಿನಲ್ಲಿ ಏಳುವ ಗಿಡವೇ ಸ್ಯಾಂಫೈರ್. ಎಲೆಯೇ ಇಲ್ಲವೆನ್ನಬೇಕು; ಗಂಟು ಗಂಟಾಗಿ ರಸ ತುಂಬಿಕೊಂಡ ಹಸಿರು ಕಡ್ಡಿಗಳಷ್ಟೇ. ನಮ್ಮ ಹರಿವೆ, ಬಸಳೆಗಳಲ್ಲಿ ಹರಿವೆಯ ಕುಟುಂಬದ್ದೇ ಇದು ಎಂದರೆ ನಂಬುತ್ತೀಯಾ? ಹಿಂದೆ ಇದರ ಜಾತಿಯ ಗಿಡಗಳನ್ನು ಸುಟ್ಟು, ಬೂದಿಯಲ್ಲಿರುವ ಸೋಡಾದಿಂದ ಗಾಜು ಮಾಡುತ್ತಿದ್ದರಂತೆ.

ಇದು ಸಿಗುವುದು ಮೀನಂಗಡಿಯಲ್ಲಿ, ಏಡಿಯ ಪಕ್ಕದಲ್ಲೇ. ಬೇಸಿಗೆಯ ಎರಡು ಮೂರು ತಿಂಗಳು ಮಾತ್ರ. ತುದಿ ಚಿವುಟಿದರೆ ಟಕ್ಕನೆ ಮುರಿಯಬೇಕು. ಬುಡ ಕೆಂಪೇರಿದ್ದರೆ ಬಲಿತಿದೆ ಎಂದೇ ಲೆಕ್ಕ, ಒಳಗೆ ನಾರು ಕಟ್ಟಿರುತ್ತದೆ. ಜಾಗದ ಒಡೆಯರ ಒಪ್ಪಿಗೆಯಿಲ್ಲದೆ ಕಾಡುಗಿಡಗಳನ್ನು ಬೇರುಸಹಿತ ಕೀಳುವುದನ್ನು ಇಲ್ಲಿನ 1981ರ ಕಾಯ್ದೆ ತಡೆದಿದೆ. ಹಾಗಾಗಿ ಕತ್ತರಿಯಿಂದ ಎಳೆ ತುದಿಯನ್ನಷ್ಟೇ ಕೊಯ್ಯುವುದು ರೂಢಿ. ಒಂದೇ ವರ್ಷ ಬಾಳುವ ಗಿಡ. ಬೀಜ ಉದುರಿಸಲು ಬಿಟ್ಟರೆ ತಾನೆ ಮುಂದಿನ ವರ್ಷ ಸೊಪ್ಪು? ಈ ಕಟ್ಟುನಿಟ್ಟು ನನಗೆ ತುಂಬ ಹಿಡಿಸಿತು.

ಮನೆಗೆ ತಂದು ನಾಲ್ಕಾರು ನೀರಲ್ಲಿ ತೊಳೆದೆ, ಗಂಟುಗಳ ಸಂದಿಯಲ್ಲಿ ಕೆಸರು ಕೂತಿರುತ್ತದೆ. ಇಲ್ಲಿಯವರು ಕುದಿಯುವ ನೀರಲ್ಲಿ ಎರಡು ಮೂರು ನಿಮಿಷ ಬೇಯಿಸಿ, ಬೆಣ್ಣೆ ಹಾಕಿ, ನಿಂಬೆ ಹಿಂಡಿ ಮೀನಿನ ಜೊತೆ ತಿನ್ನುತ್ತಾರೆ. ಚೆನ್ನಾಗಿಯೇ ಇರುತ್ತದೆ. ಆದರೆ ನನ್ನ ಕೈ ತೆಂಗಿನೆಣ್ಣೆಗೇ ಹೋಯಿತು. ಸಾಸಿವೆ ಸಿಡಿಸಿ, ಒಣಮೆಣಸು, ಜಜ್ಜಿದ ಬೆಳ್ಳುಳ್ಳಿ. ಬೆಳ್ಳುಳ್ಳಿ ಕೆಂಪಾಗುವಾಗ ನೀರು ಬಸಿದ ಸೊಪ್ಪು. ಒಂದೆರಡು ಸಲ ಮಗುಚಿ, ಕಾಯಿತುರಿ ಉದುರಿಸಿ ಇಳಿಸುವುದು. ಹೆಚ್ಚು ಹೊತ್ತು ಬಿಟ್ಟರೆ ಆ ಕುರುಂ ಕುರುಂ ಹೋಗಿಬಿಡುತ್ತದೆ. ಉಪ್ಪು ಮಾತ್ರ ಒಂದು ಹರಳೂ ಬೇಡ: ಕಡಲಿನ ಉಪ್ಪನ್ನು ಗಿಡವೇ ಕುಡಿದು ಮೈಯಲ್ಲಿ ಇಟ್ಟುಕೊಂಡಿರುತ್ತದೆ. ಸಾರಿಗೂ ಉಪ್ಪು ಕಡಿಮೆ ಹಾಕಿದರೇ ಊಟ ಹದವಾಗುವುದು. ಹುರಿದ ಬಂಗಡೆಗೆ ಇದಕ್ಕಿಂತ ಒಳ್ಳೆಯ ಜೊತೆಯನ್ನು ನಾನು ಉಂಡಿಲ್ಲ.

ಹಸಿ ಸೊಪ್ಪು ನಮ್ಮೂರಿನ ತನಕ ಬಾಳುವುದಿಲ್ಲ. ವಿನೆಗರ್‌ನಲ್ಲಿ ಹಾಕಿದ್ದು ಸಿಗುತ್ತದೆ, ಒಂದು ಬಾಟಲಿ ಕಟ್ಟಿಟ್ಟಿದ್ದೇನೆ. ಗಂಜಿಗೆ ನಂಜಿಕೊಂಡು ನೋಡಿ ಹೇಳು.

ನಿನ್ನ ತಂಗಿ