ಮಂಚದ ಮೇಲಿನ ಡೈನೋಸಾರ್

ಪ್ರಾಸಕ್ಕೆ ಒಂದು ದೊಡ್ಡ ಗುಣವಿದೆ. ಮುಂದೆ ಬರುವ ಮಾತಿನ ಸುಳಿವನ್ನು ಅದು ಮೊದಲೇ ಕೊಟ್ಟುಬಿಡುತ್ತದೆ. ಓದುವ ದೊಡ್ಡವರು ಸಾಲಿನ ಕೊನೆಗೆ ತಡೆದು ನಿಂತರೆ, ಆ ಮಾತನ್ನು ಕೇಳುವ ಮಗುವೇ ಹೇಳಿ ಮುಗಿಸುತ್ತದೆ. ನನ್ನ ಮೊಮ್ಮಗನಿಗೆ ಉಗ್ಗು ಇದೆ. ಹೆಸರು ಹೇಳು ಎಂದರೆ ಮೊದಲ ಅಕ್ಷರದಲ್ಲೇ ಸಿಕ್ಕಿಕೊಳ್ಳುತ್ತಾನೆ. ಅದೇ ಹುಡುಗ ಪ್ರಾಸದ ಪುಸ್ತಕ ಹಿಡಿದು ನನ್ನ ಜೊತೆ ದನಿಗೂಡಿಸಿದಾಗ ‘ಪ್ಯಾರಾಸೌರೊಲೋಫಸ್’ ಎಂದು ಒಂದೇ ಉಸಿರಿಗೆ ಹೇಳುತ್ತಾನೆ. ಉಗ್ಗುವವರಲ್ಲಿ ಬಹಳ ಮಂದಿಗೆ ಹಾಡುವಾಗಲೂ ಇನ್ನೊಬ್ಬರ ಜೊತೆಗೂಡಿ ಓದುವಾಗಲೂ ಮಾತು ಸಲೀಸಾಗುತ್ತದೆ. ಇದು ವೈದ್ಯರಿಗೂ ಗೊತ್ತಿರುವ ಸಂಗತಿ. ಆದರೂ ಪ್ರತಿಸಲ ಕೇಳುವಾಗ ನನಗೆ ಮೈ ಜುಮ್ಮೆನ್ನುತ್ತದೆ.

ಆ ಪ್ಯಾರಾಸೌರೊಲೋಫಸ್ ಎಂಬ ಡೈನೋಸಾರ್ ಅವನಿಗೆ ಅಷ್ಟು ಹತ್ತಿರವಾದದ್ದರಲ್ಲಿ ಅರ್ಥವಿದೆ. ಬಾತುಕೋಳಿಯಂಥ ಮೂತಿ, ತಲೆಯ ಹಿಂದಕ್ಕೆ ಬಾಗಿದ ಉದ್ದನೆಯ ಟೊಳ್ಳು ಕೊಂಬು. ಈ ಪ್ರಾಣಿ ನೀರಿನಲ್ಲಿ ಮುಳುಗಿ ಆ ಕೊಂಬಿನಿಂದ ಉಸಿರಾಡುತ್ತಿತ್ತು ಎಂದು ಹಿಂದೆ ಕೆಲವರು ಊಹಿಸಿದ್ದರು. ಆದರೆ ಕೊಂಬಿನ ತುದಿಯಲ್ಲಿ ತೂತೇ ಇಲ್ಲ! ಒಳಗಿನ ಕೊಳವೆಗಳಲ್ಲಿ ಗಾಳಿ ಸುತ್ತಿ ಬಂದು, ಕಹಳೆಯ ಹಾಗೆ ತಗ್ಗು ದನಿ ಹೊರಡುತ್ತಿದ್ದಿರಬೇಕು ಎಂಬುದು ಈಗಿನ ವಿಚಾರ. 2009ರಲ್ಲಿ ಅಮೆರಿಕದ ಯೂಟಾದಲ್ಲಿ ಹೈಸ್ಕೂಲು ಹುಡುಗನೊಬ್ಬನ ಕಣ್ಣಿಗೆ ಇದರ ಮರಿಯ ಎಲುಬು ಬಿತ್ತು. ಇನ್ನೂ ವರ್ಷ ತುಂಬದ ಮರಿ. ತಲೆಯ ಮೇಲೆ ಕೊಂಬಿನ ಬದಲು ಒಂದು ಪುಟ್ಟ ಗುಬುಟು. ‘ಅದರ ದನಿ ಇನ್ನೂ ಬಂದಿರಲಿಲ್ಲ ಅಲ್ವಾ ಅಜ್ಜಿ?’ ಎಂದು ಮೊಮ್ಮಗ ಕೇಳಿದ. ಬೇರೆ ಥರದ ದನಿ ಇದ್ದಿರಬೇಕು ಮಗು ಎಂದೆ.

ಬಾತುಮೂತಿಯ ಮರಿಯನ್ನೇ ನಾಯಕನನ್ನಾಗಿ ಮಾಡಿ ಜೂಲಿಯಾ ಡೊನಾಲ್ಡ್‌ಸನ್ 2007ರಲ್ಲಿ ‘ಟೈರಾನೋಸಾರಸ್ ಡ್ರಿಪ್’ ಬರೆದರು. ಚಿತ್ರ ಡೇವಿಡ್ ರಾಬರ್ಟ್ಸ್ ಅವರದು. ಸೊಪ್ಪು ತಿನ್ನುವ ಕುಲದ ಮೊಟ್ಟೆ ಆಕಸ್ಮಿಕವಾಗಿ ಟಿ. ರೆಕ್ಸ್ ಗೂಡಿಗೆ ಬೀಳುತ್ತದೆ. ಹುಟ್ಟಿದ ಮರಿಗೆ ಮಾಂಸ ಸೇರದು, ಘರ್ಜನೆ ಬಾರದು. ಮನೆಮಂದಿಯೆಲ್ಲ ಲೇವಡಿ ಮಾಡುವವರೇ. ಕೊನೆಗೆ ಅದು ನದಿ ದಾಟಿ ತನ್ನವರನ್ನು ಸೇರುತ್ತದೆ. ಪ್ರಾಸ ಎಷ್ಟು ಚುರುಕು ಎಂದರೆ, ಓದುತ್ತಾ ನಾಲಗೆ ಕುಣಿಯುತ್ತದೆ. ಮರಿ ತನ್ನ ಸ್ವಭಾವವನ್ನು ಯಾರಿಗಾಗಿಯೂ ಬದಲಿಸಿಕೊಳ್ಳುವುದಿಲ್ಲ. ಆ ಕಾರಣಕ್ಕೆ ಪುಸ್ತಕ ನನಗೆ ಬಹಳ ಪ್ರಿಯ. ಆದರೂ ಒಂದು ಪ್ರಶ್ನೆ ಉಳಿದೇ ಉಳಿಯುತ್ತದೆ. ಡ್ರಿಪ್‌ಗೆ ಆಚೆ ದಡದಲ್ಲಿ ತನ್ನವರಿದ್ದರು. ಸ್ವಂತ ಗೂಡಿನಲ್ಲೇ ಹುಟ್ಟಿಯೂ ಬೇರೆಯಾಗಿರುವ ಮಗು ಯಾವ ನದಿ ದಾಟಬೇಕು?

ಇಂಥ ಮಕ್ಕಳಿಗೆಂದೇ ಬರೆದ ಕಥೆಗಳಲ್ಲಿ ಹೆಚ್ಚಿನವು ನಡೆಯುವ ದಾರಿ ಒಂದೇ. ಉದ್ದ ಕತ್ತಿನದೋ ಕುಂಟುಕಾಲಿನದೋ ಒಂದು ಮರಿಯನ್ನು ಎಲ್ಲರೂ ಆಡಿಕೊಳ್ಳುತ್ತಾರೆ. ಒಂದು ದಿನ ಆಪತ್ತು ಬರುತ್ತದೆ. ಆ ಊನವೇ ಎಲ್ಲರ ಜೀವ ಉಳಿಸುತ್ತದೆ. ಆಮೇಲೆ ಎಲ್ಲರೂ ಅದನ್ನು ಎತ್ತಿ ಮೆರೆಸುತ್ತಾರೆ. ನನಗಿದು ಒಪ್ಪಿಗೆಯಿಲ್ಲ. ಆಪತ್ತು ಬಾರದೇ ಹೋಗಿದ್ದರೆ? ಉಗ್ಗಿನಿಂದ ಊರಿಗೆ ಯಾವ ಉಪಕಾರವೂ ಆಗಬೇಕಿಲ್ಲ. ನಮ್ಮ ಹುಡುಗ ಯಾರ ಪ್ರಾಣವನ್ನೂ ಕಾಪಾಡದೆ, ನಿಧಾನವಾಗಿ ತನ್ನ ಮಾತು ಮುಗಿಸಿದರೂ ಸಾಕು, ಕೇಳುವವರು ಕಾಯಬೇಕು.

ಹಾಗಾಗಿ ನಾನು ಹೆಚ್ಚು ಸಲ ಕೈಗೆತ್ತಿಕೊಳ್ಳುವುದು ಜೇನ್ ಯೋಲೆನ್ ಬರೆದು ಮಾರ್ಕ್ ಟೀಗ್ ಚಿತ್ರಿಸಿದ, 2000ದಲ್ಲಿ ಬಂದ ‘ಹೌ ಡು ಡೈನೋಸಾರ್ಸ್ ಸೇ ಗುಡ್ ನೈಟ್?’. ಭಿನ್ನತೆಯ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ. ಅಪ್ಪ ಅಮ್ಮ ನಮ್ಮ ನಿಮ್ಮಂಥ ಮನುಷ್ಯರು. ಮಲಗುವ ಕೋಣೆಯಲ್ಲಿರುವುದು ಮಾತ್ರ ಭಾರೀ ಡೈನೋಸಾರ್! ಪ್ರತಿ ಪುಟಕ್ಕೂ ಬೇರೆ ಜಾತಿಯದು. ಅದರ ಹೆಸರನ್ನು ಚಿತ್ರದೊಳಗೇ ಹುಡುಕಬೇಕು. ಅದು ಹಟ ಮಾಡುತ್ತದಾ, ಬಾಲ ಬಡಿಯುತ್ತದಾ ಎಂದು ಪ್ರಾಸದಲ್ಲಿ ಪ್ರಶ್ನೆಗಳು. ಇಲ್ಲ, ಅದು ಮುದ್ದು ಕೊಟ್ಟು ಮಲಗುತ್ತದೆ. ಮಗುವಿಗೆ ಬಾಲ ಯಾಕಿದೆ ಎಂದು ಅಪ್ಪ ಕೇಳುವುದಿಲ್ಲ, ನೆಂಟರು ಬಂದರೆ ಏನು ಹೇಳುವುದು ಎಂದು ಅಮ್ಮ ಕೊರಗುವುದಿಲ್ಲ. ಹಟ ಬಿಡಬೇಕು, ನಿಜ, ಬಾಲ ಬಿಡಬೇಕಾಗಿಲ್ಲ. ಒಪ್ಪಿಕೊಳ್ಳುವುದೆಂದರೆ ಹೀಗಿರಬೇಕು ಎಂದು ಆ ಚಿತ್ರಗಳನ್ನು ನೋಡುತ್ತಾ ನನಗೆ ಅನ್ನಿಸಿದೆ.

ಇವೆಲ್ಲ ಇಂಗ್ಲಿಷಿನಲ್ಲಿವೆ. ಪಂಜೆ ಮಂಗೇಶರಾಯರೂ ರಾಜರತ್ನಂ ಅವರೂ ಮಕ್ಕಳಿಗಾಗಿ ಪ್ರಾಸ ಕಟ್ಟಿದ ಭಾಷೆ ನಮ್ಮದು. ನಮ್ಮ ದೇಶದ ಡೈನೋಸಾರ್‌ಗಳಿಗೂ ಕೊರತೆಯಿಲ್ಲ. ನರ್ಮದಾ ಕಣಿವೆಯಲ್ಲಿ ಸಿಕ್ಕ ಎಲುಬುಗಳಿಗೆ 2003ರಲ್ಲಿ ರಾಜಾಸೌರಸ್ ಎಂದು ಹೆಸರಿಟ್ಟರು. ಅದರ ತಲೆಯ ಮೇಲೆ ಒಂದು ಗಿಡ್ಡ ಕೊಂಬು. ಬೆಂಗಳೂರಿನದೋ ಧಾರವಾಡದ್ದೋ ಒಂದು ಮನೆಯಲ್ಲಿ ಆ ರಾಜಾಸೌರಸ್ ಊಟಕ್ಕೆ ಕೂತಿರುವ ಪುಸ್ತಕವನ್ನು ಯಾರಾದರೂ ಬರೆಯಬೇಕು. ಅಜ್ಜಿ ಹುಳಿಯನ್ನ ಕಲಸಿ ಕೊಡಲಿ, ತಾತ ಹಪ್ಪಳ ಮುರಿದು ಹಾಕಲಿ. ಸಾಲಿನ ಕೊನೆಯ ಮಾತನ್ನು ಮಾತ್ರ ಕೇಳುವ ಮಗುವಿಗೇ ಬಿಟ್ಟಿರಲಿ.