ಭೀಮೆ–ಕೃಷ್ಣೆಯರ ನಡುವೆ

ವಿಜಯಪುರದಿಂದ ಇಂಡಿಗೆ ಹೊರಟ ಪ್ರಯಾಣಿಕನ ಕಣ್ಣಿಗೆ ಬಿಸಿಲ ನಡುವೆ ತಂಪೆರೆಯುವುದು ಲಿಂಬೆಯ ತೋಟ. 2023ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಹಣ್ಣದು. ಅಲ್ಲಿಂದ ಸಿಂದಗಿಯತ್ತ ತಿರುಗಿದರೆ ಕಣ್ಣು ಹರಿಯುವವರೆಗೂ ಎರೆಭೂಮಿ, ಹಿಂಗಾರಿ ಜೋಳ.

ಸಾವಯವ ಕೃಷಿಯೆಂಬ ಹೆಸರು ಈ ಹೊಲಗಳಿಗೆ ಹೊಸದು, ರೀತಿ ಹಳೆಯದು. ಮಣ್ಣೊಳಗೆ ಉಳಿದ ತೇವವನ್ನೇ ನಂಬಿ ಬೆಳೆಯುವ ಜೋಳಕ್ಕೆ ರಸಗೊಬ್ಬರ ಸುರಿದರೂ ಫಲ ಅಲ್ಪ. ತಿಪ್ಪೆಗೊಬ್ಬರ ಹಾಕಿ, ದನ ನುಗ್ಗದಂತೆ ಹೊಲದಂಚಿಗೆ ಮುಳ್ಳಿನ ಕುಸುಬೆ ಬಿತ್ತುವುದು ರೂಢಿ.

ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಗೆ ಇಳಿದಂತೆ ನೋಟ ಬದಲಾಗುವುದು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿಯ ಅಣೆಕಟ್ಟು ಅಲ್ಲಿ ಕೃಷ್ಣೆಯನ್ನು ತಡೆದು ನಿಲ್ಲಿಸಿದೆ. ನೀರು ಹರಿದಲ್ಲಿ ಕಬ್ಬು ಬಂದಿತು. ಕಬ್ಬಿನ ಬೆನ್ನಿಗೆ ರಸಗೊಬ್ಬರದ ಚೀಲವೂ ಬಂದಿತು.

2004ರಲ್ಲಿ ಕರ್ನಾಟಕ ಸರ್ಕಾರ ಸಾವಯವ ಕೃಷಿ ನೀತಿಯನ್ನು ಪ್ರಕಟಿಸಿತು. ಆದರೆ ಪ್ರಮಾಣಪತ್ರ ಬೇಕೆಂದರೆ, ರಾಸಾಯನಿಕ ಬಿಟ್ಟ ಮೇಲೆ ಜೋಳದ ಹೊಲ ಸುಮಾರು 2 ವರ್ಷ, ಲಿಂಬೆಯ ತೋಟ 3 ವರ್ಷ ಕಾಯಬೇಕು. ಹಣ್ಣು ಮಾರುವವನಿಗೆ ಮುಂದೆ ಒಳ್ಳೆಯ ಬೆಲೆಯ ಆಸೆಯುಂಟು. ಮನೆಯ ರೊಟ್ಟಿಗೆಂದು ಜೋಳ ಬೆಳೆಯುವವನು ಆ ಮುದ್ರೆಯನ್ನಿಟ್ಟುಕೊಂಡು ಏನು ಮಾಡಿಯಾನು? ಸಾವಯವಕ್ಕೆ ಅತಿ ಸಮೀಪವಿರುವ ಹೊಲವೇ ಸರ್ಕಾರಿ ಲೆಕ್ಕದಿಂದ ಹೊರಗುಳಿಯುವುದು ಹೀಗೆ.

ಆ ಹೊಲಕ್ಕೂ ಒಂದು ಆತಂಕವುಂಟು. ಟ್ರ್ಯಾಕ್ಟರು ಬಂದ ಮನೆಯಲ್ಲಿ ಎತ್ತಿನ ಕೊರಳ ಗಂಟೆ ನಿಲ್ಲುತ್ತದೆ; ತಿಪ್ಪೆ ಬರಿದಾಗುತ್ತದೆ. ಬಸವನ ಹೆಸರು ಹೊತ್ತ ನಾಡಿನಲ್ಲಿ ಬಸವನೇ ಇಲ್ಲವಾದರೆ ಮಣ್ಣಿಗೆ ಉಣಿಸುವವರು ಯಾರು?