ಆಗುವ ಮಾತು

ಹೊಲದಲ್ಲೊಂದು ಬಾವಿ ತೋಡಿಸಬೇಕೆಂದು ಮಗನು ಹೇಳಿದಾಗ, ಹಳ್ಳಿಯ ಹಿರಿಯನು ಒಡನೆಯೇ ಹೂಂಗುಟ್ಟುವುದಿಲ್ಲ, ಬೇಡವೆನ್ನುವುದೂ ಇಲ್ಲ. ಜಗಲಿಯ ಮೇಲೆ ಕುಳಿತು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತ, "ಅದು ಆಗುವ ಮಾತೇನಪ್ಪಾ?" ಎಂದು ಕೇಳುತ್ತಾನೆ. ಆ ಒಂದು ಪ್ರಶ್ನೆಯ ಒಡಲಲ್ಲಿ ಹಲವು ಪ್ರಶ್ನೆಗಳು ಅಡಗಿವೆ. ನೆಲದಡಿಯಲ್ಲಿ ನೀರಿದೆಯೆ? ಬಂಡೆ ಅಡ್ಡ ಬಂದರೆ ಒಡೆಯುವವರು ಸಿಗುತ್ತಾರೆಯೆ? ತಂದ ಸಾಲವನ್ನು ಆ ನೀರಿನಿಂದ ಬಂದ ಬೆಳೆ ತೀರಿಸಬಲ್ಲುದೆ? ಇವುಗಳಲ್ಲಿ ಯಾವುದೊಂದನ್ನು ಮರೆತರೂ ಹೊಲವೇ ಕೈತಪ್ಪಿ ಹೋದೀತು.

ಇಂಗ್ಲಿಷಿನಲ್ಲಿ ಈ ವಿಚಾರಕ್ಕೆ 'ಫೀಸಿಬಿಲಿಟಿ' ಎಂಬ ನಾಮಪದವಿದೆ. ಅಣೆಕಟ್ಟು, ಸೇತುವೆ, ರೈಲುಹಾದಿಗಳ ಕೆಲಸಕ್ಕೆ ಕೈಹಾಕುವ ಮೊದಲು ತಜ್ಞರು ಒಪ್ಪಿಸುವ ವರದಿಗೆ ಈ ಪದವೇ ಹೆಸರು ಕೊಟ್ಟಿದೆ. ಕನ್ನಡದ ಕಡತಗಳಲ್ಲಿ ಅದು 'ಕಾರ್ಯಸಾಧ್ಯತೆ' ಎನಿಸಿಕೊಂಡಿದೆ. ಕಿವಿಗೆ ಬಿಗಿಯಾಗಿ ಕೇಳಿಸಿದರೂ ಅದರ ಹುಟ್ಟು ಬಲು ಸರಳ. 'ಮಾಡು' ಎಂಬ ಅರ್ಥದ 'ಫೇರ್' ಎಂಬ ಫ್ರೆಂಚ್ ಕ್ರಿಯಾಪದವೇ ಅದರ ತಾಯಿ. ಮಾಡಲು ಬರುವಂಥದು ಎಂಬುದೇ ಅದರ ತಿರುಳು. ಆದಕಾರಣ ಮಳೆ ಬರುವ ಸಂಭವವನ್ನು ಹೇಳಲು ಈ ಪದವನ್ನು ಬಳಸಬಾರದೆಂದು ಇಂಗ್ಲಿಷಿನ ಪದಬಳಕೆಯನ್ನು ಬಲ್ಲವರು ಎಚ್ಚರಿಸುತ್ತಾರೆ. ಮಳೆ ತಾನಾಗಿ ಬರುವಂಥದು, ಮನುಷ್ಯನು ಮಾಡುವಂಥದಲ್ಲ.

ಈ ಪದಕ್ಕೆ ದೊಡ್ಡದೊಂದು ಬಳಗವೇ ಉಂಟು. 'ಪಾಸಿಬಿಲಿಟಿ' ಎಂದರೆ ಬರಿಯ ಸಾಧ್ಯತೆ. 'ಪ್ರಾಕ್ಟಿಕಬಿಲಿಟಿ' ಕೈಯಲ್ಲಿರುವ ಸಾಧನಗಳಿಂದ ಕೆಲಸ ನಡೆದೀತೆ ಎಂದು ನೋಡುತ್ತದೆ. 'ವಯಬಿಲಿಟಿ' ಎಂಬುದು ಜೀವವೆಂಬ ಅರ್ಥದ ಮಾತಿನಿಂದ ಬಂದುದು. ಹುಟ್ಟಿದ ಕೂಸು ಬದುಕಿ ಉಳಿಯಬಲ್ಲುದೆ ಎಂದು ಕೇಳುತ್ತಿದ್ದ ಆ ಪದ, ಈಗ ಆರಂಭಿಸಿದ ಉದ್ಯಮ ಬಾಳೀತೆ ಎಂದೂ ಕೇಳುತ್ತದೆ. 'ವರ್ಕಬಿಲಿಟಿ'ಗಾದರೋ ಕಟ್ಟಡದ ಕೆಲಸದಲ್ಲಿ ಬೇರೆಯೇ ಅರ್ಥವಿದೆ. ಕಲಸಿದ ಕಾಂಕ್ರೀಟು ಅಚ್ಚಿನ ಮೂಲೆಮೂಲೆಗೂ ಸಲೀಸಾಗಿ ಹರಡಿ ಕೂರುವ ಗುಣವೇ ಅದು. ನೀರು ಹೆಚ್ಚು ಸುರಿದರೆ ಕಾಂಕ್ರೀಟು ಸುಲಭವಾಗಿ ಹರಡುತ್ತದೆ, ನಿಜ. ಆದರೆ ಗಟ್ಟಿಯಾದ ಮೇಲೆ ಅದರ ಬಲ ಕುಗ್ಗುತ್ತದೆ. ಸುಲಭವಾದುದೆಲ್ಲ ಸರಿಯಾದುದಲ್ಲವೆಂಬುದನ್ನು ಗಾರೆ ಕೆಲಸದವನೂ ಬಲ್ಲ.

ಈ ಪದಗಳ ನಡುವಣ ಅಂತರ ಕೇವಲ ನಿಘಂಟಿನದಲ್ಲ. ಕೆಲವೊಮ್ಮೆ ಅದು ಪ್ರಾಣಗಳ ಪ್ರಶ್ನೆಯಾಗುತ್ತದೆ. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. ಅದರ ಹಿಂದಿದ್ದ ಫರ್ಡಿನಾಂಡ್ ದ ಲೆಸೆಪ್ಸ್ ಲೋಕವಿಖ್ಯಾತನಾದನು. ಅಟ್ಲಾಂಟಿಕ್ ಮತ್ತು ಪೆಸಿಫಿಕ್ ಸಾಗರಗಳನ್ನು ಪನಾಮದಲ್ಲಿ ಕೂಡಿಸುವ ಕೆಲಸವನ್ನೂ ಆತನು ವಹಿಸಿಕೊಂಡನು. ಸೂಯೆಜ್‌ನಂತೆಯೇ ಸಮುದ್ರದ ಮಟ್ಟಕ್ಕೆ ನೆಲವನ್ನು ಅಗೆದುಬಿಡುವುದೆಂದು ನಿಶ್ಚಯವಾಯಿತು. ನದಿಗೆ ಅಡ್ಡಗಟ್ಟೆ ಹಾಕಿ ಸರೋವರ ನಿರ್ಮಿಸಿ, ಹಡಗುಗಳನ್ನು ಮೆಟ್ಟಿಲು ಹತ್ತಿಸಿದಂತೆ ಮೇಲೇರಿಸಬಹುದೆಂದು 1879ರ ಪ್ಯಾರಿಸ್ ಸಭೆಯಲ್ಲಿ ಒಬ್ಬ ಎಂಜಿನಿಯರು ಸೂಚಿಸಿದ್ದನು. ಆ ಮಾತನ್ನು ಸಭೆ ಪುರಸ್ಕರಿಸಲಿಲ್ಲ. ಆದರೆ ಪನಾಮ ಮರಳುಗಾಡಲ್ಲ. ಅಲ್ಲಿ ಬೆಟ್ಟವಿತ್ತು, ಬಿರುಮಳೆಯಿತ್ತು, ಉಕ್ಕಿ ಹರಿಯುವ ಚಾಗ್ರೆಸ್ ನದಿಯಿತ್ತು. ಅಗೆದಷ್ಟೂ ಮಣ್ಣು ಕುಸಿಯಿತು. ಮಲೇರಿಯ ಮತ್ತು ಹಳದಿ ಜ್ವರ ಕೆಲಸಗಾರರನ್ನು ಬಲಿ ತೆಗೆದುಕೊಂಡವು. 1889ರಲ್ಲಿ ಕಂಪನಿ ಮುಳುಗುವ ಹೊತ್ತಿಗೆ ಸತ್ತವರು 20,000ಕ್ಕೂ ಹೆಚ್ಚೆಂದು ಅಂದಾಜಿದೆ. ಕಾಲುವೆಯನ್ನು ನಂಬಿ ಹಣ ತೊಡಗಿಸಿದ್ದ ಫ್ರಾನ್ಸಿನ ಸಾಮಾನ್ಯ ಜನರ ಉಳಿತಾಯವೂ ಅದರೊಡನೆ ಕರಗಿತು.

1904ರಲ್ಲಿ ಅಮೆರಿಕನರು ಅದೇ ಕೆಲಸಕ್ಕೆ ಇಳಿದರು. ಆ ಜ್ವರಗಳು ಸೊಳ್ಳೆಗಳಿಂದ ಹರಡುತ್ತವೆಂಬುದು ಅಷ್ಟರಲ್ಲಿ ತಿಳಿದಿತ್ತು. ಅವರು ನಿಂತ ನೀರನ್ನು ಹರಿಯಗೊಟ್ಟರು. ಸೊಳ್ಳೆಗಳ ನೆಲೆಯನ್ನು ಕೆಡಿಸಿದರು. ಹಿಂದೆ ತಳ್ಳಿಹಾಕಿದ್ದಂಥ ಉಪಾಯವನ್ನೇ ಹಿಡಿದು, ಚಾಗ್ರೆಸ್ ನದಿಗೆ ಕಟ್ಟೆ ಕಟ್ಟಿ, ಹಡಗುಗಳನ್ನು ಸುಮಾರು 26 ಮೀಟರ್ ಎತ್ತರಕ್ಕೆ ಏರಿಸಿ ಇಳಿಸುವ ಬಾಗಿಲುಗಳನ್ನು ನಿರ್ಮಿಸಿದರು. ಆಗಲೂ ಸಾವುನೋವು ತಪ್ಪಲಿಲ್ಲ. ಆದರೆ 1914ರ ಆಗಸ್ಟ್ 15ರಂದು ಕಾಲುವೆ ತೆರೆಯಿತು. ನೆಲ ಅದೇ, ನದಿಯೂ ಅದೇ. ಒಂದು ದಾರಿಯಲ್ಲಿ ಆಗದಿದ್ದ ಕೆಲಸ ಮತ್ತೊಂದು ದಾರಿಯಲ್ಲಿ ಆಯಿತು.

ಅಳೆಯದೆ 'ಆಗುತ್ತದೆ' ಎನ್ನುವವನು ತನ್ನೊಡನೆ ಇತರರನ್ನೂ ಮುಳುಗಿಸುತ್ತಾನೆ. ಅಳೆಯದೆ 'ಆಗದು' ಎನ್ನುವವನು ಆಗಬಹುದಾದುದನ್ನೂ ಕೆಡಿಸುತ್ತಾನೆ. ಹಾಸಿಗೆ ಇದ್ದಷ್ಟು ಕಾಲು ಚಾಚೆಂಬ ಗಾದೆ ಕಾಲನ್ನು ಮುದುರಿಕೊಂಡೇ ಇರೆಂದು ಹೇಳುವುದಿಲ್ಲ. ಮೊದಲು ಹಾಸಿಗೆಯ ಉದ್ದವನ್ನು ನೋಡೆಂದು ಹೇಳುತ್ತದೆ. ಜಗಲಿಯ ಹಿರಿಯನ ಪ್ರಶ್ನೆಯೂ ಮಗನ ಹುರುಪನ್ನು ಮುರಿಯಲು ಕೇಳಿದುದಲ್ಲ. ಎಲೆ ಮಡಿಚಿ ಬಾಯಿಗಿಟ್ಟುಕೊಂಡು ಅವನು ಎದ್ದು ನಿಲ್ಲುತ್ತಾನೆ. "ನಡೆ, ಹೊಲ ನೋಡಿ ಬರೋಣ" ಎನ್ನುತ್ತಾನೆ.